ಗಣಕಜಾಲದ ಪಾರಿಭಾಷಿಕ ಶಬ್ದಗಳು: ಅವುಗಳ ಚರಿತ್ರೆಯೂ ಅಧ್ಯಯನಕ್ರಮವೂ

೧

ಯಾವ ಶಾಸ್ತ್ರವನ್ನು ಕೈಗೊಂಡರೂ ಮೊದಲು ಎದುರಾಗುವುದು ಸಂಜ್ಞಾಪ್ರಕರಣ. ವ್ಯಾಕರಣವನ್ನೋದುವ ಬಾಲಕನು ವೃದ್ಧಿ, ಗುಣ, ಟಿ, ಘು, ಭ ಎಂಬ ಸಂಜ್ಞೆಗಳನ್ನು ದಾಟದೆ ಒಂದು ಹೆಜ್ಜೆಯನ್ನೂ ಮುಂದಿಡಲಾರನು. ತರ್ಕವನ್ನೋದುವವನು ಪಕ್ಷ, ಹೇತು, ವ್ಯಾಪ್ತಿಗಳ ಲಕ್ಷಣವನ್ನರಿಯದೆ ಒಂದು ಅನುಮಾನವನ್ನೂ ಸಾಧಿಸಲಾರನು. ಕಳೆದ ಆರು ದಶಕಗಳಲ್ಲಿ ಬೆಳೆದು ಇಂದು ಅನೇಕ ಕನ್ನಡ ತರುಣರಿಗೆ ಜೀವನೋಪಾಯವಾಗಿರುವ ಗಣಕಜಾಲಶಾಸ್ತ್ರದಲ್ಲಿಯೂ ಸ್ಥಿತಿ ಇದೇ ಆಗಿದೆ. ಗಣಕಯಂತ್ರಗಳನ್ನು ಒಂದಕ್ಕೊಂದು ಜೋಡಿಸಿ, ಒಂದರ ಬರಹವನ್ನು ಮತ್ತೊಂದಕ್ಕೆ ಮುಟ್ಟಿಸುವ ವಿಧಾನವೇ ಈ ಶಾಸ್ತ್ರದ ವಿಷಯ. ಇದರಲ್ಲಿ ಯೋಗ್ಯತೆಯನ್ನು ನಿರ್ಣಯಿಸುವುದಕ್ಕೆ ಪ್ರಮಾಣಪತ್ರದ ಪರೀಕ್ಷೆಗಳು ಏರ್ಪಟ್ಟಿವೆ. ಸಿಸ್ಕೋ ಸಂಸ್ಥೆಯ ಸಿ.ಸಿ.ಎನ್.ಎ. ಪರೀಕ್ಷೆಯು ೧೯೯೮ರಲ್ಲಿಯೂ, ಕಾಂಪ್‌ಟಿಯಾ ಸಂಸ್ಥೆಯ ನೆಟ್‌ವರ್ಕ್ ಪ್ಲಸ್ ಪರೀಕ್ಷೆಯು ೧೯೯೯ರಲ್ಲಿಯೂ ಮೊದಲಾದುವು. ಎರಡನೆಯದರಲ್ಲಿ ೯೦ ನಿಮಿಷಗಳ ಅವಧಿಯೊಳಗೆ ಹೆಚ್ಚೆಂದರೆ ೯೦ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ೧೦೦ರಿಂದ ೯೦೦ರವರೆಗಿನ ಶ್ರೇಣಿಯಲ್ಲಿ ೭೨೦ ಅಂಕ ಬಂದರೆ ಉತ್ತೀರ್ಣತೆ. ಈ ಪರೀಕ್ಷೆಗಳು ಕನ್ನಡದಲ್ಲಿ ನಡೆಯುವುದಿಲ್ಲ.

ಹೀಗಿರಲಾಗಿ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗೆ ಎರಡು ಮಾರ್ಗಗಳು ಮಾತ್ರ ಇವೆಯೆಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಇಂಗ್ಲಿಷಿನ ನೂರಾರು ಶಬ್ದಗಳನ್ನು ಅರ್ಥದ ಗೊಡವೆಯಿಲ್ಲದೆ ಉರುಹಚ್ಚುವುದು ಮೊದಲನೆಯದು. ಸಮಸ್ತ ಶಬ್ದಗಳಿಗೂ ಸಂಸ್ಕೃತದ ಪ್ರತಿಶಬ್ದಗಳನ್ನು ಟಂಕಿಸಿ ಅವನ್ನೇ ಕಲಿಸಬೇಕೆಂಬುದು ಎರಡನೆಯದು. ಮೊದಲನೆಯದರಿಂದ ಜ್ಞಾನವಿಲ್ಲ, ಎರಡನೆಯದರಿಂದ ಪರೀಕ್ಷೆ ಇಲ್ಲ. ಇವೆರಡರ ನಡುವೆ ಮೂರನೆಯದೊಂದು ದಾರಿಯುಂಟು. ಅದು ಶಬ್ದಗಳ ಚರಿತ್ರೆಯ ಮೂಲಕ ಹಾದುಹೋಗುತ್ತದೆ. ಜಾಲಶಾಸ್ತ್ರದ ಶಬ್ದಗಳಲ್ಲಿ ಬಹುಭಾಗವು ಅಂಚೆ, ದಾರಿ, ಬಾಗಿಲು, ಬಂದರು, ಪೇಟೆಗಳಿಂದ ಎರವಲು ಬಂದವು. ಆ ವಸ್ತುಗಳಾದರೋ ಕನ್ನಡ ನಾಡಿನಲ್ಲಿ ಪ್ರಾಚೀನವಾದವು. ಅವುಗಳಿಗೆ ಕನ್ನಡದಲ್ಲಿ ನಿಷ್ಕೃಷ್ಟವಾದ ಹೆಸರುಗಳೂ ಇವೆ.

೨

ಇದಕ್ಕೆ ಉದಾಹರಣೆಯನ್ನು ಮಾಗಡಿ ತಾಲ್ಲೂಕಿನ ಕೆಂಪಾಪುರದಿಂದ ತೆಗೆದುಕೊಳ್ಳಬಹುದು. ಬೆಂಗಳೂರನ್ನು ಕಟ್ಟಿಸಿದ ಹಿರಿಯ ಕೆಂಪೇಗೌಡನು ೧೫೬೯ರಲ್ಲಿ ಮೃತನಾದನು. ಅವನ ಸಮಾಧಿಯು ಈ ಗ್ರಾಮದಲ್ಲಿದೆಯೆಂಬುದು ೨೦೧೫ರಲ್ಲಿ ಅಲ್ಲಿಯ ಶಿಲಾಬರಹವನ್ನು ಓದಿದ ಮೇಲೆ ಗೊತ್ತಾಯಿತು. ಕಲ್ಲು ಮೊದಲಿನಿಂದಲೂ ಊರವರ ಕಣ್ಣೆದುರಿಗೇ ಇದ್ದಿತು. ಅಕ್ಷರಗಳನ್ನು ಓದಿ, ಅವುಗಳ ಅರ್ಥವನ್ನು ಕಾಲಕ್ಕೂ ವ್ಯಕ್ತಿಗೂ ಹೊಂದಿಸಿದ ಮೇಲೆಯೇ ಅದು ಪ್ರಮಾಣವಾಯಿತು. ಶಬ್ದವು ಕಣ್ಣಿಗೆ ಬೀಳುವುದು ಬೇರೆ, ಬೋಧವಾಗುವುದು ಬೇರೆ. ಈ ಗ್ರಾಮದಿಂದಲೂ ಇದರ ನೆರೆಹೊರೆಯ ಊರುಗಳಿಂದಲೂ ಬೆಂಗಳೂರಿಗೆ ಹೋಗಿ ಜಾಲಶಾಸ್ತ್ರವನ್ನು ಕಲಿಯುವ ತರುಣನಿಗೆ ಕೆಂಪೇಗೌಡನು ಕಟ್ಟಿಸಿದ ಪೇಟೆಗಿಂತ ಒಳ್ಳೆಯ ದೃಷ್ಟಾಂತವು ದೊರೆಯುವುದು ಕಷ್ಟ.

೧೫೩೭ರಲ್ಲಿ ಸ್ಥಾಪಿತವಾದ ಆ ಪೇಟೆಯ ರಚನೆಯನ್ನು ನೋಡಿರಿ. ದೊಡ್ಡಪೇಟೆ, ಚಿಕ್ಕಪೇಟೆ ಎಂಬ ಎರಡು ಬೀದಿಗಳು ನಡುವೆ ಕೂಡುತ್ತವೆ. ಸುತ್ತಲೂ ಕೋಟೆ, ಕೋಟೆಗೆ ಹಲಸೂರು, ಯಲಹಂಕ, ಆನೇಕಲ್ಲು ಮುಂತಾದ ಊರುಗಳ ಹೆಸರಿನ ಹೆಬ್ಬಾಗಿಲುಗಳು. ಒಳಗೆ ಸರಕಿಗೊಂದು ಕೇರಿ: ಅಕ್ಕಿಗೆ ಅಕ್ಕಿಪೇಟೆ, ಹತ್ತಿಗೆ ಅರಳೆಪೇಟೆ, ಬಳೆಗೆ ಬಳೇಪೇಟೆ. ಊರೊಳಗೆ ಒಬ್ಬರಿಂದ ಒಬ್ಬರಿಗೆ ಹೋಗುವ ವಸ್ತುವು ಬೀದಿಯಲ್ಲಿಯೇ ಹೋಗುತ್ತದೆ. ಹೊರಗೆ ಹೋಗಬೇಕಾದುದೆಲ್ಲವೂ ಹೆಬ್ಬಾಗಿಲನ್ನು ಹಾಯಬೇಕು. ಹೊರಗಿನಿಂದ ಬಂದ ಬಂಡಿಯು ಮೊದಲು ಊರನ್ನು ಕೇಳುತ್ತದೆ, ಊರಿಗೆ ಬಂದ ಮೇಲೆ ಕೇರಿಯನ್ನು ಕೇಳುತ್ತದೆ.

ಪರೀಕ್ಷಾರ್ಥಿಗಳನ್ನು ತೊಡಕಿಗೆ ಸಿಲುಕಿಸುವ ಎರಡು ಶಬ್ದಗಳು ಇಷ್ಟರಿಂದಲೇ ಬಿಡಿಸಿಹೋಗುತ್ತವೆ. ಒಂದು ಯಂತ್ರವು ತನ್ನ ಜಾಲದ ಹೊರಗಿರುವ ಯಂತ್ರಕ್ಕೆ ಏನನ್ನಾದರೂ ಕಳುಹಬೇಕಾದಾಗ ಅದನ್ನು ಒಪ್ಪಿಸತಕ್ಕ ಸ್ಥಾನವು ಡಿಫಾಲ್ಟ್ ಗೇಟ್‌ವೇ. ಅರ್ಥಾತ್ ಊರ ಹೆಬ್ಬಾಗಿಲು. ಯಂತ್ರವನ್ನು ತಲುಪಿದ ಮೇಲೆ, ಅದರೊಳಗಿನ ಯಾವ ಕಾರ್ಯಕ್ಕೆ ಈ ಸರಕು ಸೇರಿದುದೆಂಬುದನ್ನು ತಿಳಿಸುವ ಸಂಖ್ಯೆಯು ಪೋರ್ಟ್, ಅರ್ಥಾತ್ ಕೇರಿ. ೦ಯಿಂದ ೬೫,೫೩೫ರವರೆಗಿನ ಈ ಸಂಖ್ಯೆಗಳಲ್ಲಿ ೨೫ ಮಿಂಚಂಚೆಯ ರವಾನೆಗೂ, ೫೩ ಹೆಸರುಗಳ ವಿಚಾರಣೆಗೂ, ೮೦ ಜಾಲಪುಟಗಳಿಗೂ, ೪೪೩ ಗೂಢಲಿಪಿಯಿಂದ ರಕ್ಷಿತವಾದ ಜಾಲಪುಟಗಳಿಗೂ ಗೊತ್ತಾಗಿವೆ. ಅಕ್ಕಿಯ ಬಂಡಿಯನ್ನು ಬಳೇಪೇಟೆಗೆ ಹೊಡೆದರೆ ಊರು ಸರಿಯಾದರೂ ವ್ಯಾಪಾರವು ಆಗದು. ವಿಳಾಸವು ಸರಿಯಾಗಿದ್ದು ಪೋರ್ಟ್ ತಪ್ಪಿದಾಗ ಆಗುವುದೂ ಅದೇ.

೩

ಪೇಟೆಯ ತರುವಾಯ ಅಂಚೆ. ಮೈಸೂರಿನಲ್ಲಿ ಅಂಚೆಯ ವ್ಯವಸ್ಥೆಯನ್ನು ಏರ್ಪಡಿಸಿದವನು ೧೬೭೩ರಿಂದ ೧೭೦೪ರವರೆಗೆ ಆಳಿದ ಚಿಕ್ಕದೇವರಾಜ ಒಡೆಯನೆಂಬುದು ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಮೈಸೂರು ಅಂಚೆಯು ೧೮೮೯ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಲೀನವಾಯಿತು. ಓಟಗಾರನು ಚೀಲವನ್ನು ಮುಂದಿನ ಠಾಣೆಯವರೆಗೆ ಒಯ್ದು ಅಲ್ಲಿಯವನಿಗೆ ಒಪ್ಪಿಸುವನು. ಕಾಗದವು ಕೊನೆಗೆ ಸೇರುವ ಊರಿನ ದಾರಿಯನ್ನೆಲ್ಲ ಅವನು ಅರಿತಿರಬೇಕಾದುದಿಲ್ಲ. ಇಂದಿನ ಜಾಲದಲ್ಲಿ ರೌಟರ್ ಎಂಬ ಯಂತ್ರವು ಮಾಡುವ ಕೆಲಸವು ಇದೇ. ಒಂದು ಠಾಣೆಯಿಂದ ಮುಂದಿನ ಠಾಣೆಗೆ ಆಗುವ ಈ ಒಂದೊಂದು ದಾಟನ್ನು ಹಾಪ್ ಎನ್ನುತ್ತಾರೆ.

ಆದರೆ ಅಂಚೆಗೂ ಜಾಲಕ್ಕೂ ಒಂದು ಭೇದವುಂಟು. ಪ್ಯಾಕೆಟ್ ಎಂಬ ಶಬ್ದವು ಹುಟ್ಟಿದುದು ಆ ಭೇದದಿಂದಲೇ. ಅಮೆರಿಕದ ರ‍್ಯಾಂಡ್ ಸಂಸ್ಥೆಯ ಪಾಲ್ ಬರಾನ್ ಎಂಬಾತನು, ಸಂದೇಶವನ್ನು ತುಂಡುಮಾಡಿ ಒಂದೊಂದು ತುಂಡನ್ನೂ ದೊರೆತ ದಾರಿಯಲ್ಲಿ ಕಳುಹಿಸಿ ಕೊನೆಯಲ್ಲಿ ಜೋಡಿಸಬಹುದೆಂದು ೧೯೬೪ರ ತನ್ನ ವರದಿಗಳಲ್ಲಿ ವಿವರಿಸಿದನು. ಆತನು ಆ ತುಂಡುಗಳಿಗೆ ಮೆಸೇಜ್ ಬ್ಲಾಕ್ ಎಂದು ಹೆಸರಿಟ್ಟಿದ್ದನು. ಅದೇ ಕಾಲದಲ್ಲಿ ಇಂಗ್ಲೆಂಡಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಡೊನಾಲ್ಡ್ ಡೇವಿಸ್ ಎಂಬಾತನು ಸ್ವತಂತ್ರವಾಗಿ ಅದೇ ವಿಧಾನವನ್ನು ಕಂಡುಕೊಂಡನು. ಹೆಸರಿಡುವಾಗ ಆತನು ಭಾಷಾಶಾಸ್ತ್ರಜ್ಞನೊಬ್ಬನನ್ನು ವಿಚಾರಿಸಿ, ಅನ್ಯಭಾಷೆಗಳಲ್ಲಿಯೂ ಸಜಾತೀಯ ರೂಪಗಳುಳ್ಳ ಪ್ಯಾಕೆಟ್ ಎಂಬ ಶಬ್ದವನ್ನು ಆರಿಸಿಕೊಂಡನು. ವಿದ್ವಾಂಸರು ಗಮನಿಸಬೇಕಾದ ಸಂಗತಿಯಿದು. ಶಾಸ್ತ್ರವು ಹುಟ್ಟುವ ಗಳಿಗೆಯಲ್ಲಿ ಶಬ್ದದ ಗುಣದೋಷಗಳನ್ನು ವಿಚಾರಿಸಲಾಯಿತು. ಹಾಗೆ ವಿಚಾರಿಸಿ ಇಟ್ಟ ಹೆಸರೇ ನಿಂತಿತು, ಮೆಸೇಜ್ ಬ್ಲಾಕ್ ಎಂಬುದು ಬಿದ್ದುಹೋಯಿತು. ಅಂಗಡಿಯವನು ಸಾಮಾನನ್ನು ಕಾಗದದಲ್ಲಿ ಕಟ್ಟಿಕೊಡುವ ಪೊಟ್ಟಣವು ಕನ್ನಡದಲ್ಲಿ ಇದಕ್ಕೆ ಸರಿಯಾಗಿ ಹೊಂದುತ್ತದೆ. ಪೊಟ್ಟಣವೆಂದರೆ ಮಗುವಿಗೂ ತಿಳಿಯುವುದು.

೧೯೬೭ರಲ್ಲಿ ಅದೇ ಸಂಸ್ಥೆಯಲ್ಲಿ ಸ್ಕ್ಯಾಂಟಲ್‌ಬರಿ, ಬಾರ್ಟ್‌ಲೆಟ್ ಎಂಬಿಬ್ಬರು ಬರೆದ ಟಿಪ್ಪಣಿಯಲ್ಲಿ ಪ್ರೋಟೊಕಾಲ್ ಎಂಬ ಶಬ್ದವು ಈ ಶಾಸ್ತ್ರಕ್ಕೆ ಪ್ರವೇಶಿಸಿತು. ಗ್ರೀಕ್ ಭಾಷೆಯಲ್ಲಿ ಇದು ಪಪೈರಸ್ ಸುರುಳಿಯ ಮೊದಲಲ್ಲಿ ಅಂಟಿಸಿದ ಹಾಳೆಗೆ ಹೆಸರು. ಅದರಿಂದ ದಸ್ತಾವೇಜು, ಅದರಿಂದ ರಾಯಭಾರಿಗಳ ಶಿಷ್ಟಾಚಾರ, ಕೊನೆಗೆ ಎರಡು ಯಂತ್ರಗಳು ಪರಸ್ಪರ ವ್ಯವಹರಿಸುವಾಗ ಪಾಲಿಸತಕ್ಕ ಕಟ್ಟಳೆ; ಹೀಗೆ ಅರ್ಥವು ಸರಿದುಬಂದಿದೆ. ೧೯೬೯ರ ಅಕ್ಟೋಬರ್ ೨೯ರಂದು ಕ್ಯಾಲಿಫೋರ್ನಿಯದ ಎರಡು ವಿದ್ಯಾಸಂಸ್ಥೆಗಳ ನಡುವೆ ಅರ್ಪಾನೆಟ್ ಜಾಲದ ಮೊದಲ ಸಂದೇಶವು ಹೋಯಿತು. ಲಾಗಿನ್ ಎಂದು ಕಳುಹಲು ತೊಡಗಿ ಮೊದಲಿನೆರಡು ಅಕ್ಷರಗಳು ಮುಟ್ಟುವಷ್ಟರಲ್ಲಿ ಯಂತ್ರವು ನಿಂತುಹೋಯಿತು. ೧೯೭೪ರಲ್ಲಿ ವಿಂಟನ್ ಸರ್ಫ್, ರಾಬರ್ಟ್ ಕಾನ್ ಎಂಬವರು ಬೇರೆಬೇರೆ ಜಾಲಗಳನ್ನು ಒಂದುಗೂಡಿಸುವ ಕಟ್ಟಳೆಯನ್ನು ಪ್ರಕಟಿಸಿದರು. ೧೯೮೩ರ ಜನವರಿ ೧ರಂದು ಅರ್ಪಾನೆಟ್ ಆ ಕಟ್ಟಳೆಗೆ ಒಳಪಟ್ಟಿತು. ಇವರ ಲೇಖನದಲ್ಲಿಯೂ ೧೯೮೧ರ ಅಧಿಕೃತ ಗ್ರಂಥದಲ್ಲಿಯೂ ಇಂದಿನ ರೌಟರಿಗೆ ಗೇಟ್‌ವೇ ಎಂದೇ ಹೆಸರು. ಹೊಸ ಹೆಸರು ರೂಢಿಗೆ ಬಂದ ಮೇಲೆಯೂ ಡಿಫಾಲ್ಟ್ ಗೇಟ್‌ವೇ ಎಂಬ ಪ್ರಯೋಗದಲ್ಲಿ ಹಳೆಯದು ಉಳಿದುಕೊಂಡಿತು. ಒಂದೇ ಯಂತ್ರಕ್ಕೆ ಎರಡು ಹೆಸರುಗಳೇಕೆಂದು ಕಳವಳಪಡುವ ವಿದ್ಯಾರ್ಥಿಗೆ ಈ ಚರಿತ್ರೆಯೇ ಸಮಾಧಾನ.

ಭಾರತದಲ್ಲಿ ೧೯೮೬ರಲ್ಲಿ ಅರ್ನೆಟ್ ಎಂಬ ವಿದ್ವತ್ಸಂಸ್ಥೆಗಳ ಜಾಲವು ಆರಂಭವಾದಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವು ಅದರಲ್ಲಿ ಸೇರಿದ್ದಿತು. ೧೯೯೫ರ ಆಗಸ್ಟ್ ೧೫ರಿಂದ ಇಂಟರ್ನೆಟ್ ಸಾರ್ವಜನಿಕರಿಗೆ ದೊರೆಯಿತು. ಕನ್ನಡದಲ್ಲಿ ಇದಕ್ಕೆ ಅಂತರಜಾಲ, ಅಂತರ್ಜಾಲ ಎಂಬ ಎರಡು ರೂಪಗಳು ಬಳಕೆಯಲ್ಲಿವೆ. ಅಂತರ್ ಎಂಬ ಅವ್ಯಯಕ್ಕೆ 'ಒಳಗೆ' ಎಂಬುದು ಪ್ರಸಿದ್ಧಾರ್ಥ. 'ನಡುವೆ' ಎಂಬರ್ಥವೂ ಉಂಟು. ಪರೀಕ್ಷೆಯಲ್ಲಿಯಾದರೋ ಜಾಲಗಳ ನಡುವಣ ಮಹಾಜಾಲವಾದ ಇಂಟರ್ನೆಟ್ಟನ್ನೂ, ಒಂದು ಸಂಸ್ಥೆಯ ಒಳಜಾಲವಾದ ಇಂಟ್ರಾನೆಟ್ಟನ್ನೂ ಬೇರ್ಪಡಿಸಬೇಕಾಗುತ್ತದೆ. ಆದಕಾರಣ ಮೊದಲನೆಯದಕ್ಕೆ ಅಂತರಜಾಲವೆಂದೂ ಎರಡನೆಯದಕ್ಕೆ ಅಂತರ್ಜಾಲ ಅಥವಾ ಒಳಜಾಲವೆಂದೂ ಸಂಕೇತಮಾಡಿಕೊಳ್ಳುವುದು ಲೇಸು.

೪

ಇನ್ನು ಶಬ್ದಗಳ ಜಾತಿವಿಭಾಗ. ಯೌಗಿಕ, ರೂಢ, ಯೋಗರೂಢ ಎಂದು ಶಾಸ್ತ್ರಕಾರರು ಮಾಡಿರುವ ವಿಂಗಡಣೆಯು ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ದಾರಿಯನ್ನು ನಿಶ್ಚಯಿಸುವುದು ರೌಟರ್; ಇದು ಯೌಗಿಕ, ಅವಯವಾರ್ಥವೇ ಸಾಕು. ರಾಬರ್ಟ್ ಮೆಟ್‌ಕಾಫ್ ಎಂಬಾತನು ೧೯೭೩ರ ಮೇ ೨೨ರ ಟಿಪ್ಪಣಿಯಲ್ಲಿ ಇಟ್ಟ ಈಥರ್ನೆಟ್ ಎಂಬ ಹೆಸರು ಯೋಗರೂಢ. ಬೆಳಕು ಹರಿಯುವುದಕ್ಕೆ ಆಧಾರವೆಂದು ಹಿಂದಿನ ಪಾಶ್ಚಾತ್ಯರು ಊಹಿಸಿದ್ದ ಸರ್ವವ್ಯಾಪಿಯಾದ ಈಥರ್ ಎಂಬ ದ್ರವ್ಯವೇ ಇದರ ಮೂಲ. ನೈಯಾಯಿಕರು ಶಬ್ದಕ್ಕೆ ಆಶ್ರಯವೆಂದು ಆಕಾಶವನ್ನು ಹೇಳುವುದನ್ನು ಇಲ್ಲಿ ನೆನೆಯಬಹುದು. ಈಥರ್ ಎಂಬ ದ್ರವ್ಯದ ಸುಳಿವು ೧೮೮೭ರ ಪ್ರಸಿದ್ಧ ಪ್ರಯೋಗದಲ್ಲಿ ದೊರೆಯಲಿಲ್ಲ. ಹೆಸರು ಮಾತ್ರ ತಂತಿಯ ಮೇಲೆ ನಿಂತಿದೆ. ದಾರಿಯು ಸರಿಯಾಗಿದೆಯೇ ಎಂದು ತಟ್ಟಿನೋಡುವ ಪಿಂಗ್ ಎಂಬುದು ಅನುಕರಣಶಬ್ದ. ೧೯೮೩ರ ಡಿಸೆಂಬರಿನಲ್ಲಿ ಮೈಕ್ ಮೂಸ್ ಎಂಬಾತನು ಇದನ್ನು ರಚಿಸಿ, ಜಲಾಂತರ್ಗಾಮಿಗಳನ್ನು ಹುಡುಕುವ ಉಪಕರಣದ ಧ್ವನಿಯನ್ನೇ ಹೆಸರಾಗಿ ಇಟ್ಟನು.

ಡಿ.ಎನ್.ಎಸ್., ಎ.ಆರ್.ಪಿ. ಮುಂತಾದ ಅಕ್ಷರಸಮೂಹಗಳಿಗೆ ಹೆದರುವ ವಿದ್ಯಾರ್ಥಿಗೆ ಪಾಣಿನಿಯ ಅಚ್, ಹಲ್ ಎಂಬ ಪ್ರತ್ಯಾಹಾರಗಳನ್ನು ತೋರಿಸಬೇಕು. ಆದಿಯ ಅಕ್ಷರವನ್ನೂ ಅಂತ್ಯದ ಇತ್ತನ್ನೂ ಕೂಡಿಸಿ ಒಂದು ಗಣವನ್ನೇ ಸೂಚಿಸುವುದು ಪಾಠಶಾಲೆಯ ಬಾಲಕನಿಗೂ ಗೊತ್ತು. ಸಂಕ್ಷೇಪವು ಬಿಡಿಸಿದಾಗ ಮಾತ್ರ ಫಲಿಸುತ್ತದೆ. ಡಿ.ಎನ್.ಎಸ್. ಎಂಬುದು ಜಾಲದ ಹೆಸರುಗಳಿಗೆ ಸಂಖ್ಯಾರೂಪದ ವಿಳಾಸವನ್ನು ಹುಡುಕಿಕೊಡುವ ವ್ಯವಸ್ಥೆ. ಹಿಂದೆ ಹೊಲವನ್ನು ಊರವರು ಆಲದಮರದ ಹೊಲವೆಂದು ಕರೆಯುತ್ತಿದ್ದರು. ಶಾನುಭೋಗರ ಕಡತದಲ್ಲಿ ಅದಕ್ಕೆ ಸರ್ವೆ ನಂಬರು ಇರುತ್ತಿತ್ತು. ಹೆಸರಿನಿಂದ ನಂಬರನ್ನು ಹುಡುಕಿಕೊಡುವವನು ಶಾನುಭೋಗನು. ಅರ್ಪಾನೆಟ್ಟಿನ ಕಾಲದಲ್ಲಿ ಸಮಸ್ತ ಹೆಸರುಗಳ ಕಡತವೂ ಕ್ಯಾಲಿಫೋರ್ನಿಯದ ಒಂದೇ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬಾಕೆಯ ಮೇಲ್ವಿಚಾರಣೆಯಲ್ಲಿದ್ದಿತು. ಯಂತ್ರಗಳು ಹೆಚ್ಚಿ ಒಂದೇ ಕಡತವು ಸಾಲದಾಗಲು, ೧೯೮೩ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬಾತನು ಅದನ್ನು ಸೀಮೆಗಳಾಗಿ ಹಂಚುವ ವ್ಯವಸ್ಥೆಯನ್ನು ನಿರ್ಮಿಸಿದನು. ಹೋಬಳಿಯ ಕಡತ ಹೋಬಳಿಯಲ್ಲಿ, ತಾಲ್ಲೂಕಿನ ಕಡತ ತಾಲ್ಲೂಕಿನಲ್ಲಿ ಎಂಬಂತೆ.

ನಾನಾರ್ಥಶಬ್ದಗಳು ಬೇರೊಂದು ವರ್ಗ. ಊಟಕ್ಕೆ ಕುಳಿತವನು ಸೈಂಧವವನ್ನು ತರಹೇಳಿದರೆ ಉಪ್ಪು, ಪ್ರಯಾಣಕ್ಕೆ ಹೊರಟವನು ಹೇಳಿದರೆ ಕುದುರೆ. ಪೋರ್ಟ್ ಎಂಬುದು ಯಂತ್ರದ ಹೊರಮೈಯಲ್ಲಿ ತಂತಿಯನ್ನು ಸಿಕ್ಕಿಸುವ ರಂಧ್ರಕ್ಕೂ, ಮೇಲೆ ಹೇಳಿದ ಕೇರಿಯ ಸಂಖ್ಯೆಗೂ ಹೆಸರು, ಪ್ರಕರಣವೇ ನಿರ್ಣಾಯಕ. ಬ್ಯಾಂಡ್‌ವಿಡ್ತ್ ಎಂಬುದಾದರೋ ಲಾಕ್ಷಣಿಕ. ಅದು ಮೊದಲು ವಿದ್ಯುತ್ತರಂಗಗಳ ಆವರ್ತನಗಳ ಹರವಿಗೆ ಹೆಸರಾಗಿದ್ದು, ಬಳಿಕ ಒಂದು ಸೆಕೆಂಡಿನಲ್ಲಿ ಸಾಗಬಲ್ಲ ದತ್ತಾಂಶದ ಪ್ರಮಾಣಕ್ಕೆ ಸಂದಿತು. ಇದನ್ನು ಲೇಟೆನ್ಸಿ ಎಂಬ ವಿಳಂಬದೊಡನೆ ಬೆರೆಸುವುದು ಪರೀಕ್ಷಾರ್ಥಿಗಳಲ್ಲಿ ಸಾಮಾನ್ಯವಾದ ಪ್ರಮಾದ. ಕೆರೆಯ ಕೆಳಗಿನ ರೈತನಿಗೆ ಈ ಭ್ರಾಂತಿಯುಂಟಾಗದು. ತೂಬು ಎಷ್ಟು ಅಗಲವೆಂಬುದು ಒಂದು ಪ್ರಶ್ನೆ. ತೂಬೆತ್ತಿದ ಮೇಲೆ ನೀರು ಗದ್ದೆಗೆ ಮುಟ್ಟಲು ಎಷ್ಟು ಹೊತ್ತು ಹಿಡಿಯುವುದೆಂಬುದು ಇನ್ನೊಂದು. ತೂಬನ್ನು ಅಗಲಮಾಡಿದ ಮಾತ್ರಕ್ಕೆ ಕಾಲುವೆಯ ದೂರವು ಕಡಿಮೆಯಾಗುವುದಿಲ್ಲ.

ಕೆಲವು ಶಬ್ದಗಳು ಪ್ರಯೋಗವು ಸಂದುಹೋದರೂ ಅಧ್ಯಯನದಲ್ಲಿ ಉಳಿದಿವೆ. ಅಂತರರಾಷ್ಟ್ರೀಯ ಮಾನಕಸಂಸ್ಥೆಯು ೧೯೮೪ರಲ್ಲಿ ಪ್ರಕಟಿಸಿದ ಏಳು ಸ್ತರಗಳ ಓ.ಎಸ್.ಐ. ಮಾದರಿಯು ಹಾಗಿನದು. ಆ ಮಾದರಿಗಾಗಿ ರಚಿತವಾದ ಕಟ್ಟಳೆಗಳು ಲೋಕದಲ್ಲಿ ಹೆಚ್ಚಾಗಿ ನಿಲ್ಲದೆ, ಸರ್ಫ್ ಮತ್ತು ಕಾನರ ಪಕ್ಷವೇ ಗೆದ್ದಿತು. ಆದರೂ ಏಳು ಸ್ತರಗಳ ಹೆಸರುಗಳನ್ನು ಪರೀಕ್ಷೆಯು ಇಂದಿಗೂ ಕೇಳುತ್ತದೆ. ಲೇಟ್ ಲಕಾರವು ವೇದದಲ್ಲಿ ಮಾತ್ರ ಉಂಟು, ಲೋಕದಲ್ಲಿಲ್ಲ. ಆದರೂ ವೈಯಾಕರಣನು ಅದನ್ನು ಬಿಡುವುದಿಲ್ಲ, ಲಕಾರಗಳ ವ್ಯವಸ್ಥೆಯು ಅದಿಲ್ಲದೆ ಪೂರ್ಣವಾಗದು. ದೋಷವು ತಂತಿಯಲ್ಲಿದೆಯೇ, ವಿಳಾಸದಲ್ಲಿದೆಯೇ, ಕಾರ್ಯಕ್ರಮದಲ್ಲಿದೆಯೇ ಎಂದು ಕ್ರಮವಾಗಿ ಶೋಧಿಸುವುದಕ್ಕೆ ಈ ಏಳು ಮೆಟ್ಟಿಲುಗಳು ಉಪಕಾರಕವಾಗಿವೆ.

೫

ವಿಳಾಸದ ಗಣಿತದಲ್ಲಿ ಕನ್ನಡ ವಿದ್ಯಾರ್ಥಿಗೆ, ವಿಶೇಷವಾಗಿ ಛಂದಸ್ಸನ್ನು ಬೋಧಿಸುವ ಅಧ್ಯಾಪಕರಿಗೆ, ಅನಿರೀಕ್ಷಿತವಾದ ನೆರವುಂಟು. ನಾಲ್ಕನೆಯ ಆವೃತ್ತಿಯ ಐ.ಪಿ. ವಿಳಾಸದಲ್ಲಿ ೩೨ ಸ್ಥಾನಗಳು. ಒಂದೊಂದು ಸ್ಥಾನದಲ್ಲಿಯೂ ಸೊನ್ನೆ ಅಥವಾ ಒಂದು. ಇವನ್ನು ಎಂಟೆಂಟರ ನಾಲ್ಕು ಭಾಗಗಳಾಗಿ ಬರೆಯುತ್ತಾರೆ. ಅನುಷ್ಟುಪ್ ಶ್ಲೋಕದಲ್ಲಿಯೂ ಎಂಟೆಂಟು ಅಕ್ಷರಗಳ ನಾಲ್ಕು ಪಾದಗಳು, ಒಟ್ಟು ೩೨ ಅಕ್ಷರಗಳು. ಪ್ರತಿಯೊಂದು ಅಕ್ಷರವೂ ಗುರು ಅಥವಾ ಲಘು. ಎಂಟು ಅಕ್ಷರಗಳ ಪಾದವನ್ನು ಪ್ರಸ್ತಾರಮಾಡಿದರೆ ೨೫೬ ಭೇದಗಳೆಂದು ಛಂದಃಶಾಸ್ತ್ರವು ಹೇಳುತ್ತದೆ. ವಿಳಾಸದ ಒಂದು ಭಾಗದಲ್ಲಿ ೦ಯಿಂದ ೨೫೫ರವರೆಗೆ ೨೫೬ ಸಂಖ್ಯೆಗಳು ಮಾತ್ರ ಸಾಧ್ಯವಾಗುವುದಕ್ಕೆ ಕಾರಣವೂ ಇದೇ. ವಿಳಾಸದಲ್ಲಿ ೨೫೬ ಎಂಬುದೇಕೆ ಬಾರದೆಂದು ಬೇರೆ ಹೇಳಬೇಕಾದುದಿಲ್ಲ.

ಗುರುವಿಗೆ ೦, ಲಘುವಿಗೆ ೧ ಎಂದು ಇಟ್ಟುಕೊಂಡರೆ, ಪ್ರಸ್ತಾರದ ಪಂಕ್ತಿಸಂಖ್ಯೆಯಲ್ಲಿ ಒಂದನ್ನು ಕಳೆದಾಗ ಬರುವುದೇ ಆ ಪಾದದ ಸಂಖ್ಯೆ. ಪಿಂಗಲನು ಹೇಳಿದ, ನಾಗವರ್ಮನು ಛಂದೋಂಬುಧಿಯಲ್ಲಿ ಕನ್ನಡಕ್ಕೆ ತಂದ ಷಟ್ಪ್ರತ್ಯಯಗಳಲ್ಲಿ, ಪಂಕ್ತಿಯ ಸಂಖ್ಯೆಯನ್ನು ಕೊಟ್ಟರೆ ರೂಪವನ್ನು ಕಂಡುಹಿಡಿಯುವುದು ನಷ್ಟ, ರೂಪವನ್ನು ಕೊಟ್ಟರೆ ಸಂಖ್ಯೆಯನ್ನು ಹೇಳುವುದು ಉದ್ದಿಷ್ಟ. ದಶಮಾನದಿಂದ ದ್ವಿಮಾನಕ್ಕೂ ದ್ವಿಮಾನದಿಂದ ದಶಮಾನಕ್ಕೂ ಪರಿವರ್ತಿಸುವಂತೆ ಪರೀಕ್ಷೆಯು ಕೇಳುವುದು ಈ ಎರಡು ಪ್ರತ್ಯಯಗಳನ್ನೇ. ಭೇದವಿಷ್ಟೇ: ಪ್ರಸ್ತಾರದಲ್ಲಿ ಎಡಗಡೆಯ ಮೊದಲ ಸ್ಥಾನಕ್ಕೆ ಕನಿಷ್ಠ ಬೆಲೆ, ವಿಳಾಸದಲ್ಲಿ ಅದಕ್ಕೇ ಗರಿಷ್ಠವಾದ ೧೨೮ರ ಬೆಲೆ.

ಸಬ್‌ನೆಟ್ ಮಾಸ್ಕ್ ಎಂಬುದೂ ಇದರಿಂದ ಸುಲಭವಾಗುತ್ತದೆ. ೨೫೫.೨೫೫.೨೫೫.೦ ಎಂದರೆ ಮೊದಲ ಮೂರು ಪಾದಗಳು ಸರ್ವಲಘು, ಕೊನೆಯ ಪಾದವು ಸರ್ವಗುರು. ಒಂದುಗಳಿರುವ ಭಾಗವು ಊರಿನ ಗುರುತು, ಸೊನ್ನೆಗಳಿರುವ ಭಾಗವು ಮನೆಯ ಗುರುತು. ೧೯೨.೧೬೮.೧.೧೦ ಎಂಬ ವಿಳಾಸಕ್ಕೆ ಈ ಮಾಸ್ಕ್ ಹಾಕಿದರೆ ಊರು ೧೯೨.೧೬೮.೧, ಮನೆ ೧೦. ಕೊನೆಯ ಪಾದದ ೨೫೬ ಭೇದಗಳಲ್ಲಿ ಮೊದಲನೆಯದು ಊರಿನ ಹೆಸರಿಗೂ ಕೊನೆಯದು ಊರೆಲ್ಲಕ್ಕೂ ಡಂಗುರ ಸಾರುವುದಕ್ಕೂ ಮೀಸಲಾಗಿ, ಮನೆಗಳಿಗೆ ೨೫೪ ಉಳಿಯುತ್ತವೆ. ತಾನು ಕಳುಹತಕ್ಕ ವಿಳಾಸದ ಊರು ತನ್ನದೇ ಆಗಿದ್ದರೆ ಯಂತ್ರವು ಬೀದಿಯಲ್ಲಿ ನೇರವಾಗಿ ಕೊಡುತ್ತದೆ. ಬೇರೆಯಾಗಿದ್ದರೆ ಹೆಬ್ಬಾಗಿಲಿಗೆ ಒಯ್ಯುತ್ತದೆ. ವಿಳಾಸ, ಮಾಸ್ಕ್, ಗೇಟ್‌ವೇ ಎಂಬ ಮೂರು ಶಬ್ದಗಳು ಒಂದೇ ವಾಕ್ಯದ ಅಂಗಗಳೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಬಿಡಿಬಿಡಿಯಾಗಿ ಉರುಹಚ್ಚಿದವನಿಗೆ ಇದು ಎಂದಿಗೂ ಕಾಣದು.

೬

ಪ್ರತಿಶಬ್ದಗಳ ಟಂಕನದ ವಿಷಯದಲ್ಲಿ ಎರಡು ಮಾತುಗಳು ಅವಶ್ಯವಾಗಿವೆ. ಕನ್ನಡದಲ್ಲಿ ಶಾಸ್ತ್ರವನ್ನು ಹೇಳುವ ಪ್ರಯತ್ನವು ಹೊಸದಲ್ಲ. ರಾಜಾದಿತ್ಯನು ೧೨ನೆಯ ಶತಮಾನದಲ್ಲಿಯೇ ಗಣಿತವನ್ನು ಕನ್ನಡದಲ್ಲಿ ಬರೆದನು. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿ ನೂತನ ವಿದ್ಯೆಗಳನ್ನು ಕನ್ನಡಿಗರ ಮುಂದಿಟ್ಟರು. ಆ ಪರಂಪರೆಯಲ್ಲಿ ಹುಟ್ಟಿದ ಸಂಸ್ಕೃತಶಬ್ದಗಳಲ್ಲಿ ಅನೇಕವು ನೆಲೆಗೊಂಡಿವೆ. ಆದರೆ ಡೇಟಾ ಲಿಂಕ್ ಎಂಬುದಕ್ಕೆ ದತ್ತಸಂಧಿಯೆಂದು ಹೇಳಿಕೊಟ್ಟರೆ ಹಳ್ಳಿಯ ವಿದ್ಯಾರ್ಥಿಗೆ ಒಂದು ಕಗ್ಗಂಟಿಗೆ ಬದಲು ಎರಡಾಗುತ್ತವೆ. ಸಂಸ್ಕೃತವೆಂಬ ಮಾತ್ರಕ್ಕೆ ಶಬ್ದವು ಬೋಧಕವಾಗುವುದಿಲ್ಲ. ಪೊಟ್ಟಣ, ಹೆಬ್ಬಾಗಿಲು, ತೂಬು, ಕಟ್ಟಳೆ ಎಂಬ ದೇಶ್ಯಗಳು ಇಲ್ಲಿ ಹೆಚ್ಚು ಸಮರ್ಥವಾಗಿವೆ.

ಅನ್ಯದೇಶ್ಯಗಳಿಗೂ ಹೆದರಬೇಕಾದುದಿಲ್ಲ. ಕಚೇರಿ, ತಾಲ್ಲೂಕು, ಜಮೀನು ಎಂಬ ಶಬ್ದಗಳು ರಾಜ್ಯಭಾರದೊಡನೆ ಬಂದು ಕನ್ನಡದ ವಿಭಕ್ತಿಪ್ರತ್ಯಯಗಳನ್ನು ಧರಿಸಿ ಕನ್ನಡವೇ ಆದುವು. ರೌಟರಿಗೆ, ರೌಟರಿನಿಂದ ಎಂದು ಪ್ರತ್ಯಯವು ಹತ್ತಿದೊಡನೆ ಇವೂ ಆಗುವುವು. ಪರೀಕ್ಷೆಯಲ್ಲಿ ಬರೆಯಬೇಕಾದ ಸಂಜ್ಞೆಯು ಇಂಗ್ಲಿಷಿನದಾಗಿರುವಾಗ ಅದನ್ನು ಮರೆಮಾಡುವುದು ವಿದ್ಯಾರ್ಥಿಗೆ ಅಪಕಾರ. ಸಂಜ್ಞೆಯು ಹಾಗೆಯೇ ಇರಲಿ; ಲಕ್ಷಣ, ಉದಾಹರಣೆ, ಪ್ರತ್ಯುದಾಹರಣೆಗಳು ಕನ್ನಡದಲ್ಲಿ ನಡೆಯಲಿ. ವ್ಯಾಕರಣದ ಟಿ, ಘು, ಭ 'ಅನುವಾದ'ಗೊಳ್ಳದೆ ಇದ್ದರೂ ಪಾಠವು ಕನ್ನಡದಲ್ಲಿ ಸಾಗಿದಂತೆಯೇ.

ಆದುದರಿಂದ ಇಂದು ಬೇಕಾದುದು ಅಕಾರಾದಿಯಾದ ಪ್ರತಿಶಬ್ದಗಳ ಪಟ್ಟಿಯಲ್ಲ. ಅಮರನು ಸ್ವರ್ಗವರ್ಗ, ವಾರಿವರ್ಗ, ಪುರವರ್ಗವೆಂದು ಸಂಬಂಧವುಳ್ಳ ಶಬ್ದಗಳನ್ನು ಒಂದೆಡೆ ಕೂಡಿಸಿದಂತೆ, ವಿಳಾಸವರ್ಗ, ಮಾರ್ಗವರ್ಗ, ದ್ವಾರವರ್ಗ, ನಾಮವರ್ಗ, ನಾನಾರ್ಥವರ್ಗವೆಂದು ವಿಂಗಡಿಸಿ, ಪ್ರತಿಯೊಂದು ಶಬ್ದಕ್ಕೂ ಹುಟ್ಟಿದ ವರ್ಷ, ಮೂಲಾರ್ಥ, ಈಗಿನ ಅರ್ಥ, ಕನ್ನಡದ ದೃಷ್ಟಾಂತ ಎಂಬ ನಾಲ್ಕನ್ನು ಕೊಡುವ ಸಣ್ಣ ನಿಘಂಟೊಂದು ಬೇಕು. ಜಾಲಶಾಸ್ತ್ರವನ್ನು ಬಲ್ಲವರು ಒಬ್ಬರು, ಭಾಷೆಯನ್ನು ಬಲ್ಲವರು ಒಬ್ಬರು ಕೂಡಿದರೆ ಇದು ಅಸಾಧ್ಯವಾದ ಕಾರ್ಯವಲ್ಲ. ಅಂತಹ ನಿಘಂಟನ್ನೋದಿದ ತರುಣನು ಪರೀಕ್ಷೆಯಲ್ಲಿ ಉತ್ತೀರ್ಣನಾಗುವುದು ಮೊದಲ ಫಲ. ಉದ್ಯೋಗಕ್ಕೆ ಸೇರಿದ ಮೇಲೆ ಜಾಲವು ಕೆಟ್ಟುನಿಂತ ದಿನ ದೋಷವು ಬೀದಿಯಲ್ಲಿದೆಯೋ ಹೆಬ್ಬಾಗಿಲಿನಲ್ಲಿದೆಯೋ ಕಡತದಲ್ಲಿದೆಯೋ ಎಂದು ತನ್ನ ನುಡಿಯಲ್ಲಿ ಯೋಚಿಸಿ ಕಂಡುಹಿಡಿಯುವನೆಂಬುದು ಎರಡನೆಯ ಫಲ, ದೊಡ್ಡದೂ ಅದೇ. ಸಾಹಿತ್ಯದ ಅಧ್ಯಾಪಕರು ಈ ಕೆಲಸವನ್ನು ತಮ್ಮದಲ್ಲವೆಂದು ಬಿಡದೆ ಕೈಗೊಳ್ಳುವುದು ಉಚಿತವಾಗಿದೆ.